ಮೆಗ್ನೀಸಿಯಂ, ಪ್ಲೇಟ್‌ಲೆಟ್ ಮತ್ತು ರಕ್ತ ಹೆಪ್ಪುಗಟ್ಟುವಿಕೆ: ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಮಳೆಗಾಲದಲ್ಲಿ ಡೆಂಗ್ಯೂ, ಗದ್ದೆ ಕೆಲಸದ ಹೊತ್ತಿಗೆ ಇಲಿ ಜ್ವರ, ಡಿಸೆಂಬರ್ ದಾಟಿದರೆ ಮಂಗನ ಕಾಯಿಲೆ. ಶಿವಮೊಗ್ಗ, ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಜ್ವರ ಬಂತೆಂದರೆ ಎರಡನೇ ದಿನಕ್ಕೇ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬ ಪ್ರಶ್ನೆ ಏಳುತ್ತದೆ. ಇನ್ನೊಂದು ಕಡೆ ಕಾಲು ಹಿಡಿತಕ್ಕೆ, ನಿದ್ದೆಗೆ, ಬಿಪಿಗೆ ಎಂದು ಮೆಗ್ನೀಸಿಯಂ ಮಾತ್ರೆಗಳು ಔಷಧಿ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತಿವೆ. ‘ಇದು ರಕ್ತವನ್ನು ತೆಳು ಮಾಡುತ್ತದಂತೆ, ಪ್ಲೇಟ್‌ಲೆಟ್ ಇಳಿಯುತ್ತದಂತೆ’ ಎಂದು ಹೆದರುವವರಿದ್ದಾರೆ. ‘ಹೃದಯದ ಮಾತ್ರೆ ಬದಲು ಇದನ್ನೇ ತಗೊಂಡರೆ ಸಾಕಂತೆ’ ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಮೆಗ್ನೀಸಿಯಂ ನಿಜವಾಗಿ ಏನು ಮಾಡುತ್ತದೆ, ಯಾವ ಸಂದರ್ಭದಲ್ಲಿ ನಾವು ಲೆಕ್ಕ ಹಾಕಬೇಕು, ಯಾವಾಗ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಎಣಿಕೆ ಬೇರೆ, ಕೆಲಸ ಬೇರೆ

ಕೊನೆ ಕೊಯ್ಲಿಗೆ ಎಷ್ಟು ಆಳು ಬಂದಿದ್ದಾರೆ ಎನ್ನುವುದು ಒಂದು ಲೆಕ್ಕ, ಬಂದವರು ಎಷ್ಟು ಚುರುಕಾಗಿ ಕೆಲಸ ಮಾಡುತ್ತಾರೆ ಎನ್ನುವುದು ಇನ್ನೊಂದು ಲೆಕ್ಕ. ಗಾಯವಾದಾಗ ರಕ್ತ ನಿಲ್ಲಿಸಲು ನೆರವಾಗುವ ಸಣ್ಣ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳ ವಿಚಾರವೂ ಹಾಗೆಯೇ. ರಕ್ತಪರೀಕ್ಷೆಯ ವರದಿಯಲ್ಲಿ ಬರುವುದು ಎಣಿಕೆ ಮಾತ್ರ: ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ. ಆ ಪ್ಲೇಟ್‌ಲೆಟ್‌ಗಳು ಗಾಯದ ಜಾಗದಲ್ಲಿ ಎಷ್ಟು ಬೇಗ ಎಚ್ಚೆತ್ತು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ.

ಮೆಗ್ನೀಸಿಯಂ ಕೈ ಹಾಕುವುದು ಈ ಎರಡನೆಯದಕ್ಕೆ. ಊಟದಿಂದಲೋ ಸಾಮಾನ್ಯ ಪ್ರಮಾಣದ ಮಾತ್ರೆಯಿಂದಲೋ ಸಿಗುವ ಮೆಗ್ನೀಸಿಯಂ ಪ್ಲೇಟ್‌ಲೆಟ್ ಎಣಿಕೆಯನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಅಂಟಿಕೊಳ್ಳುವ ಆತುರವನ್ನು ಸ್ವಲ್ಪ ಹದಗೊಳಿಸುತ್ತದೆ, ಅಷ್ಟೆ. ಈ ಒಂದು ವ್ಯತ್ಯಾಸ ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ರಕ್ತನಾಳದೊಳಗೆ ಆಗುವುದೇನು

ನಾಳದ ಒಳಪದರ ಹರಿದಾಗ ಅಡಿಯಲ್ಲಿರುವ ಕೊಲ್ಯಾಜೆನ್ ಎಂಬ ನಾರಿನಂಥ ಪ್ರೋಟೀನ್ ಹೊರಗೆ ಕಾಣುತ್ತದೆ. ಪ್ಲೇಟ್‌ಲೆಟ್ ಅದಕ್ಕೆ ತಗುಲಿದ ಕೂಡಲೇ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ. ಈ ಏರಿಕೆಯೇ ಮುಂದಿನ ಎಲ್ಲಕ್ಕೂ ಚಾಲನೆ. ದುಂಡು ತಟ್ಟೆಯಂತಿದ್ದದ್ದು ಮುಳ್ಳುಮುಳ್ಳಾಗುತ್ತದೆ, ಒಳಗಿನ ರಾಸಾಯನಿಕಗಳನ್ನು ಹೊರಚೆಲ್ಲುತ್ತದೆ, ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು ತಯಾರಿಸಿ ಪಕ್ಕದ ಪ್ಲೇಟ್‌ಲೆಟ್‌ಗಳನ್ನೂ ಎಬ್ಬಿಸುತ್ತದೆ. ಕೊನೆಗೆ ಅದರ ಮೈಮೇಲಿನ ಜಿಪಿ 2ಬಿ/3ಎ ಎಂಬ ಕೊಂಡಿಗಳು ತೆರೆದುಕೊಂಡು ಫೈಬ್ರಿನೋಜೆನ್ ಎಂಬ ರಕ್ತದ ಪ್ರೋಟೀನಿನ ಎಳೆಗಳ ಮೂಲಕ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಮೆಗ್ನೀಸಿಯಂ ಕ್ಯಾಲ್ಸಿಯಂನ ಸಹಜ ಎದುರಾಳಿ. ಪ್ಲೇಟ್‌ಲೆಟ್ ಒಳಗೆ ಕ್ಯಾಲ್ಸಿಯಂ ಏರುವ ವೇಗವನ್ನು ತಗ್ಗಿಸುತ್ತದೆ, ಥ್ರಾಂಬಾಕ್ಸೇನ್ ತಯಾರಿಕೆಯನ್ನು ಕುಗ್ಗಿಸುತ್ತದೆ, ಫೈಬ್ರಿನೋಜೆನ್ ಅಂಟಿಕೊಳ್ಳುವುದನ್ನು ಸಡಿಲಿಸುತ್ತದೆ. ರಕ್ತನಾಳದ ಒಳಪದರದಿಂದ ಪ್ರೋಸ್ಟಾಸೈಕ್ಲಿನ್ ಹೊರಬರಲು ನೆರವಾಗುತ್ತದೆ. ಇದು ಪ್ಲೇಟ್‌ಲೆಟ್‌ಗಳನ್ನು ಶಾಂತವಾಗಿಡುವ ವಸ್ತು. ಹಾಗಾಗಿ ದೇಹದಲ್ಲಿ ಮೆಗ್ನೀಸಿಯಂ ತೀರಾ ಕಡಿಮೆಯಾದಾಗ ಪ್ಲೇಟ್‌ಲೆಟ್‌ಗಳು ಬೇಗ ಕೆರಳುತ್ತವೆ.

ಇಷ್ಟಕ್ಕೇ ನಿಲ್ಲಿಸಿ ‘ಮೆಗ್ನೀಸಿಯಂ ಎಂದರೆ ರಕ್ತ ತೆಳು ಮಾಡುವ ಖನಿಜ’ ಎಂದು ಬರೆದುಬಿಡುವುದು ಈಗ ಎಲ್ಲೆಡೆ ಕಾಣುವ ತಪ್ಪು. ಪ್ಲೇಟ್‌ಲೆಟ್ ಮೊದಲು ಕೊಲ್ಯಾಜೆನ್‌ಗೆ ಕಚ್ಚಿಕೊಳ್ಳುವ ಒಂದು ಕೊಂಡಿ ಕೆಲಸ ಮಾಡಬೇಕಾದರೆ ಮೆಗ್ನೀಸಿಯಂ ಬೇಕೇ ಬೇಕು. ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ 9ನೇ ಅಂಶದಂಥವು (ಫ್ಯಾಕ್ಟರ್ 9) ಸರಿಯಾದ ಆಕಾರ ಪಡೆಯಲು ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಕೆಲವು ಸ್ಥಾನಗಳಲ್ಲಿ ಕೂರುತ್ತದೆ. ಅಂದರೆ ಇದು ಹೆಪ್ಪುಗಟ್ಟುವ ಕೆಲಸಕ್ಕೆ ಅಡ್ಡಗಾಲಲ್ಲ, ಅದು ಅತಿಯಾಗದಂತೆ ನೋಡಿಕೊಳ್ಳುವ ಖನಿಜ.

ಹೃದಯಾಘಾತದಲ್ಲಿ ಇದನ್ನು ಪರೀಕ್ಷಿಸಿಯೂ ಆಗಿದೆ. 1992ರಲ್ಲಿ ಪ್ರಕಟವಾದ ಲಿಮಿಟ್-2 ಅಧ್ಯಯನದಲ್ಲಿ ರಕ್ತನಾಳಕ್ಕೆ ಕೊಟ್ಟ ಮೆಗ್ನೀಸಿಯಂನಿಂದ ಸಾವು ಕಡಿಮೆಯಾದಂತೆ ಕಂಡಿತ್ತು. 1995ರಲ್ಲಿ ಸುಮಾರು 58,000 ರೋಗಿಗಳ ಐಸಿಸ್-4 ಅಧ್ಯಯನ ಬಂದಾಗ ಆ ಲಾಭ ಕಾಣಲಿಲ್ಲ. ಆದ್ದರಿಂದ ಪ್ಲೇಟ್‌ಲೆಟ್ ಅಂಟಿಕೊಳ್ಳದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜಾಗದಲ್ಲಿ ಮೆಗ್ನೀಸಿಯಂ ಮಾತ್ರೆ ಇಟ್ಟುಕೊಳ್ಳುವ ಮಾತೇ ಇಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ಮಾಡಿದರೆ ಜೀವಕ್ಕೇ ಅಪಾಯ.

ಹಂತ 1: ಪ್ಲೇಟ್‌ಲೆಟ್ ಕಡಿಮೆ ಎಂದು ವರದಿ ಬಂದಾಗ

ಮೊದಲು ಆ ಅಂಕಿ ನಿಜವೇ ಎಂದು ಖಚಿತಪಡಿಸಿಕೊಳ್ಳಿ. ಮೈಯಲ್ಲಿ ಪ್ಲೇಟ್‌ಲೆಟ್ ಸರಿಯಾಗಿಯೇ ಇದ್ದು ಟ್ಯೂಬಿನಲ್ಲಿ ಮಾತ್ರ ಕಡಿಮೆ ಕಾಣುವುದುಂಟು.

ಸಿಬಿಸಿ (ರಕ್ತಕಣಗಳ ಎಣಿಕೆ) ಪರೀಕ್ಷೆಗೆ ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿಗೆ ತೆಗೆಯುತ್ತಾರೆ. ಅದರಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಮಾತ್ರ ಬೇರೆ ಕತೆ. ಇಡಿಟಿಎ ಕ್ಯಾಲ್ಸಿಯಂ ಕಿತ್ತುಕೊಂಡಾಗ ಪ್ಲೇಟ್‌ಲೆಟ್ ಮೇಲಿನ ಜಿಪಿ 2ಬಿ/3ಎ ಕೊಂಡಿಯ ಆಕಾರ ಬದಲಾಗಿ ಒಳಗೆ ಅಡಗಿದ್ದ ಭಾಗ ಹೊರಬೀಳುತ್ತದೆ. ಅವರ ರಕ್ತದಲ್ಲಿರುವ ಒಂದು ಪ್ರತಿಕಾಯ ಅದಕ್ಕೆ ಅಂಟಿಕೊಂಡು ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲೇ ಗುಂಪುಗುಂಪಾಗುತ್ತವೆ. ಯಂತ್ರ ಈ ಗುಂಪನ್ನು ಪ್ಲೇಟ್‌ಲೆಟ್ ಎಂದು ಗುರುತಿಸುವುದಿಲ್ಲ. ಎರಡು ಲಕ್ಷ ಇರುವವರ ವರದಿಯಲ್ಲಿ 40,000 ಎಂದು ಬರಬಹುದು. ಟ್ಯೂಬು ಹೊರಗಿನ ತಂಪಿನಲ್ಲಿ ಹೆಚ್ಚು ಹೊತ್ತು ಕೂತಷ್ಟೂ ಎಣಿಕೆ ಇನ್ನೂ ಇಳಿಯುತ್ತದೆ. ಹಳ್ಳಿಯಲ್ಲಿ ತೆಗೆದ ರಕ್ತ ಪಟ್ಟಣದ ಲ್ಯಾಬ್ ಮುಟ್ಟುವ ಹೊತ್ತಿಗೆ ಮೂರ್ನಾಲ್ಕು ಗಂಟೆ ಕಳೆದಿದ್ದರೆ ಇದನ್ನು ನೆನಪಿಡಿ.

ಇದಕ್ಕಿಂತ ಹೆಚ್ಚಾಗಿ ಆಗುವ ಎಡವಟ್ಟು ರಕ್ತ ತೆಗೆಯುವಾಗಿನದು. ನರ ಸಿಗದೆ ನಿಧಾನಕ್ಕೆ ಎಳೆದ ರಕ್ತ, ಟ್ಯೂಬಿಗೆ ಹಾಕಿದ ಮೇಲೆ ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸದೆ ಇಟ್ಟ ರಕ್ತ, ಸಣ್ಣ ಹೆಪ್ಪು ಕಟ್ಟಿಬಿಡುತ್ತದೆ. ಪ್ಲೇಟ್‌ಲೆಟ್‌ಗಳೆಲ್ಲ ಆ ಹೆಪ್ಪಿನೊಳಗೆ ಸೇರಿ ಎಣಿಕೆ ಕುಸಿಯುತ್ತದೆ.

ಹಾಗಾಗಿ ರಕ್ತಸ್ರಾವದ ಯಾವ ಲಕ್ಷಣವೂ ಇಲ್ಲದ ಮನುಷ್ಯನಿಗೆ ದಿಢೀರನೆ ಕಡಿಮೆ ಅಂಕಿ ಬಂದರೆ ಹೀಗೆ ಕೇಳಿ:

1. ‘ಪೆರಿಫೆರಲ್ ಸ್ಮಿಯರ್ ನೋಡಿದ್ದೀರಾ? ಪ್ಲೇಟ್‌ಲೆಟ್ ಗುಂಪು ಕಾಣುತ್ತಿದೆಯೇ?’ ಗಾಜಿನ ಮೇಲೆ ಬಳಿದ ರಕ್ತದ ತುದಿ ಅಂಚಿನಲ್ಲಿ ಗುಂಪುಗಳು ಕಾಣುತ್ತವೆ. ಅನುಭವಿ ಲ್ಯಾಬ್ ಟೆಕ್ನಿಷಿಯನ್‌ಗೆ ಇದು ಐದು ನಿಮಿಷದ ಕೆಲಸ.

2. ಗುಂಪು ಇದ್ದರೆ ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಹೊಸದಾಗಿ ರಕ್ತ ತೆಗೆದು ತಕ್ಷಣ ಎಣಿಸಬೇಕು. ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಇರುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು. ಈ ಗುಣಾಕಾರ ಮರೆತರೆ ಎಣಿಕೆ ಶೇ. 10ರಷ್ಟು ಕಡಿಮೆ ತೋರುತ್ತದೆ.

3. ಕೆಲವರ ಪ್ಲೇಟ್‌ಲೆಟ್ ಸಿಟ್ರೇಟ್‌ನಲ್ಲೂ ಗುಂಪಾಗುತ್ತದೆ. ಅಂಥವರಿಗೆಂದೇ ಮೆಗ್ನೀಸಿಯಂ ಸಲ್ಫೇಟ್ ಇರುವ ವಿಶೇಷ ಟ್ಯೂಬುಗಳಿವೆ.

ಮೆಗ್ನೀಸಿಯಂನ ಗುಣ ಕಣ್ಣಿಗೆ ಕಟ್ಟುವಂತೆ ಕಾಣುವುದು ಈ ಮೂರನೆಯದರಲ್ಲಿ. ಇಡಿಟಿಎ ಬಳಕೆಗೆ ಬರುವ ಮೊದಲು ಪ್ಲೇಟ್‌ಲೆಟ್ ಎಣಿಸಲು ಮೆಗ್ನೀಸಿಯಂ ಸಲ್ಫೇಟನ್ನೇ ಬಳಸುತ್ತಿದ್ದರು. ಅದು ಕ್ಯಾಲ್ಸಿಯಂ ಕಿತ್ತುಕೊಳ್ಳುವುದಿಲ್ಲ, ಆದ್ದರಿಂದ ಕೊಂಡಿಯ ಆಕಾರ ಕೆಡುವುದಿಲ್ಲ, ಪ್ರತಿಕಾಯಕ್ಕೆ ಹಿಡಿಯಲು ಜಾಗ ಸಿಗುವುದಿಲ್ಲ. ಅದೇ ಹೊತ್ತಿಗೆ ಅಷ್ಟು ದೊಡ್ಡ ಪ್ರಮಾಣದ ಮೆಗ್ನೀಸಿಯಂ ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸುತ್ತದೆ. ಈ ಟ್ಯೂಬು ಎಲ್ಲ ಲ್ಯಾಬಿನಲ್ಲೂ ಇರುವುದಿಲ್ಲ. ಸಿಗದಿದ್ದರೆ ಸ್ಮಿಯರ್ ನೋಡಿ ಅಂದಾಜು ಎಣಿಕೆ ಬರೆಯಬಹುದು, ಅದೂ ಸಾಕಾಗುತ್ತದೆ.

ಒಮ್ಮೆ ಇದು ಇಡಿಟಿಎ ದೋಷ ಎಂದು ಗೊತ್ತಾದರೆ ವೈದ್ಯರಿಂದ ಬರೆಸಿಕೊಂಡು ಆ ಚೀಟಿಯನ್ನು ಫೈಲಿನಲ್ಲಿ ಮೇಲೇ ಇಡಿ. ಮುಂದೆ ಯಾವುದೋ ಆಪರೇಷನ್‌ಗೆ ಹೋದಾಗ ಬೇಡದ ಪ್ಲೇಟ್‌ಲೆಟ್ ಹಾಕುವುದು, ಆಪರೇಷನ್ ಮುಂದೂಡುವುದು ಎರಡೂ ತಪ್ಪುತ್ತದೆ.

ಜ್ವರದಲ್ಲಿ ಎಣಿಕೆ ನಿಜವಾಗಿಯೇ ಇಳಿದಿದ್ದರೆ ಮೆಗ್ನೀಸಿಯಂನಿಂದ ಏನೂ ಸಹಾಯವಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯಾಗಲಿ, ಡೆಂಗ್ಯೂ, ಇಲಿ ಜ್ವರವಾಗಲಿ, ಪ್ಲೇಟ್‌ಲೆಟ್ ಇಳಿಯುವ ಕಾರಣ ಬೇರೆ, ಚೇತರಿಕೆ ಬರುವುದೂ ರೋಗ ಇಳಿದಾಗಲೇ. ವೈದ್ಯರು ಬರೆಯದೆ ನೀವಾಗಿಯೇ ತೆಗೆದುಕೊಳ್ಳುತ್ತಿದ್ದ ಮೆಗ್ನೀಸಿಯಂ ಮಾತ್ರೆ ಇದ್ದರೆ ಆ ದಿನಗಳಲ್ಲಿ ನಿಲ್ಲಿಸುವುದು ಲೇಸು. ಅದರಿಂದ ಭೇದಿಯಾದರೆ ಮೈಯಲ್ಲಿ ನೀರು ಇನ್ನಷ್ಟು ಕಡಿಮೆಯಾಗುತ್ತದೆ, ಡೆಂಗ್ಯೂನಲ್ಲಿ ಅದೇ ದೊಡ್ಡ ಕಂಟಕ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ನುಂಗುವವರು ಮಾತ್ರ ಅದನ್ನು ತಾವೇ ನಿಲ್ಲಿಸದೆ ಅಂದೇ ವೈದ್ಯರನ್ನು ಕೇಳಬೇಕು. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಂಕು ಕವಿಯುವುದು, ಇವುಗಳಲ್ಲಿ ಒಂದು ಕಂಡರೂ ಎಣಿಕೆ ಎಷ್ಟೇ ಇರಲಿ, ಆಸ್ಪತ್ರೆಗೆ ಹೊರಡಿ.

ಹಂತ 2: ಮೆಗ್ನೀಸಿಯಂ ಪರೀಕ್ಷೆ ಯಾರಿಗೆ, ಹೇಗೆ

ಎಲ್ಲರಿಗೂ ಬೇಕಿಲ್ಲ. ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುತ್ತಿರುವವರು (2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಸಿತ್ತು), ಮೂತ್ರ ಹೆಚ್ಚಿಸುವ ಫ್ರುಸಮೈಡ್, ಥಯಾಜೈಡ್ ಮಾತ್ರೆಯವರು, ಸಕ್ಕರೆ ಹಿಡಿತಕ್ಕೆ ಬಾರದವರು, ಬಹುಕಾಲದ ಭೇದಿ ಇರುವವರು, ಕುಡಿತದ ಚಟ ಇರುವವರು ಕೇಳಿ ಮಾಡಿಸಬೇಕು. ಪೊಟ್ಯಾಸಿಯಂ ಕೊಟ್ಟರೂ ಕೊಟ್ಟರೂ ಏರುತ್ತಿಲ್ಲ ಎಂದಾದರೆ ಮೆಗ್ನೀಸಿಯಂ ನೋಡಲೇಬೇಕು, ಅದು ಸರಿಯಾಗದೆ ಪೊಟ್ಯಾಸಿಯಂ ನಿಲ್ಲುವುದಿಲ್ಲ.

ಸಾಮಾನ್ಯ ಮಟ್ಟ ಡೆಸಿಲೀಟರಿಗೆ ಸುಮಾರು 1.7ರಿಂದ 2.4 ಮಿ.ಗ್ರಾಂ, ಲ್ಯಾಬಿನಿಂದ ಲ್ಯಾಬಿಗೆ ತುಸು ಹೆಚ್ಚುಕಡಿಮೆ ಇರುತ್ತದೆ. ದೇಹದಲ್ಲಿರುವ ಸುಮಾರು 25 ಗ್ರಾಂ ಮೆಗ್ನೀಸಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿದೆ, ರಕ್ತಕಣ ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವವಾದ ಸೀರಂನಲ್ಲಿರುವುದು ಶೇ. 1ಕ್ಕಿಂತ ಕಡಿಮೆ. ಆದ್ದರಿಂದ ಅಂಕಿ ಕಡಿಮೆ ಬಂದರೆ ಕೊರತೆ ಖಚಿತ, ಸರಿ ಬಂದರೆ ಕೊರತೆ ಇಲ್ಲವೇ ಇಲ್ಲ ಎನ್ನಲಾಗದು.

ಮಾದರಿಯನ್ನು ಇಡಿಟಿಎ ಅಥವಾ ಸಿಟ್ರೇಟ್ ಟ್ಯೂಬಿನಿಂದ ತೆಗೆಯಬಾರದು, ಆ ಟ್ಯೂಬುಗಳೇ ಮೆಗ್ನೀಸಿಯಂ ಹಿಡಿದುಕೊಂಡು ಸುಳ್ಳು ಕಡಿಮೆ ತೋರಿಸುತ್ತವೆ. ಕೆಂಪು ಅಥವಾ ಹಳದಿ ಮುಚ್ಚಳದ ಸೀರಂ ಟ್ಯೂಬು ಬೇಕು. ಇನ್ನೊಂದು ತೊಂದರೆ ನಮ್ಮ ರಸ್ತೆಗಳಿಗೆ ಸಂಬಂಧಿಸಿದ್ದು. ಕೆಂಪು ರಕ್ತಕಣದೊಳಗೆ ಸೀರಂಗಿಂತ ಎರಡು ಮೂರು ಪಟ್ಟು ಮೆಗ್ನೀಸಿಯಂ ಇದೆ. ರಕ್ತವನ್ನು ಬೇರ್ಪಡಿಸದೆ ಬೈಕಿನ ಡಿಕ್ಕಿಯಲ್ಲಿಟ್ಟು ಗುಂಡಿ ಬಿದ್ದ ದಾರಿಯಲ್ಲಿ ಕುಲುಕಿಸಿಕೊಂಡು ತಂದರೆ ಕಣಗಳು ಒಡೆದು ಒಳಗಿನದು ಸೀರಂಗೆ ಸೇರುತ್ತದೆ. ನಿಜಕ್ಕೂ ಕಡಿಮೆ ಇರುವವರ ವರದಿ ‘ನಾರ್ಮಲ್’ ಎಂದು ಬರುತ್ತದೆ. ವರದಿಯಲ್ಲಿ ‘ಹೀಮೊಲೈಸ್ಡ್’ ಎಂದು ಬರೆದಿದ್ದರೆ ಮತ್ತೆ ಮಾಡಿಸಿ. ಸಾಧ್ಯವಿದ್ದರೆ ಸೀರಂ ಬೇರ್ಪಡಿಸುವ ಸೌಲಭ್ಯವಿರುವ ಲ್ಯಾಬಿಗೇ ಹೋಗಿ ರಕ್ತ ಕೊಡಿ.

ಹಂತ 3: ತಟ್ಟೆಯಲ್ಲಿ ಎಷ್ಟು ಸಿಗುತ್ತದೆ

ವಯಸ್ಕರಿಗೆ ದಿನಕ್ಕೆ 300ರಿಂದ 450 ಮಿ.ಗ್ರಾಂ ನಡುವೆ ಬೇಕು. ಗಂಡಸರಿಗೆ ಹೆಚ್ಚು, ಹೆಂಗಸರಿಗೆ ತುಸು ಕಡಿಮೆ. ಮಲೆನಾಡಿನಲ್ಲಿ ಎರಡು ಸಂಗತಿ ನಮಗೆ ಎದುರಾಗಿವೆ. ಸುರಿಯುವ ಮಳೆ ಮಣ್ಣಿನ ಮೆಗ್ನೀಸಿಯಂ ತೊಳೆದುಕೊಂಡು ಹೋಗುತ್ತದೆ, ಅಡಿಕೆ ತೋಟಕ್ಕೆ ಡೋಲೊಮೈಟ್ (ಮೆಗ್ನೀಸಿಯಂ ಇರುವ ಸುಣ್ಣದ ಕಲ್ಲಿನ ಪುಡಿ) ಹಾಕುವುದು ಅದಕ್ಕೇ. ಬಾವಿ, ಅಬ್ಬಿ ನೀರು ಮೆದು ನೀರು, ಖನಿಜ ಕಡಿಮೆ, ಬಯಲುಸೀಮೆಯ ಗಡಸು ನೀರಿನಂತೆ ಅದರಿಂದ ಮೆಗ್ನೀಸಿಯಂ ಸಿಗುವುದಿಲ್ಲ. ಆದ್ದರಿಂದ ಊಟವೇ ಆಧಾರ.

ಅಂದಾಜು ಲೆಕ್ಕ ಹೀಗಿದೆ. ಸಿಪ್ಪೆ ತೆಗೆದ ಕುಂಬಳಬೀಜ ಒಂದು ಹಿಡಿ, ಅಂದರೆ 30 ಗ್ರಾಂ, 160 ಮಿ.ಗ್ರಾಂ ಕೊಡುತ್ತದೆ. ಸಾಂಬಾರಿಗೆ ಕುಂಬಳಕಾಯಿ ಹೆಚ್ಚಿ ಬೀಜ ತಿಪ್ಪೆಗೆ ಎಸೆಯುವ ಮನೆಗಳು ಅದನ್ನು ತೊಳೆದು ಒಣಗಿಸಿ ಹುರಿದಿಟ್ಟುಕೊಳ್ಳಲಿ. ಅಷ್ಟೇ ತೂಕದ ಗೇರುಬೀಜದಲ್ಲಿ ಸುಮಾರು 80, ಶೇಂಗಾದಲ್ಲಿ 50. 50 ಗ್ರಾಂ ರಾಗಿ ಹಿಟ್ಟಿನಲ್ಲಿ 70. ಬೇಯಿಸಿದ ಅಲಸಂದೆ ಕಾಳು ಒಂದು ಬಟ್ಟಲಿಗೆ ಸುಮಾರು 90. ಬಾಳೆಹಣ್ಣು ಒಂದಕ್ಕೆ 30. ತವುಡು ಉಳಿದ ಕೆಂಪಕ್ಕಿ ಅನ್ನ ಒಂದು ಬಟ್ಟಲಿಗೆ 80ರ ಆಸುಪಾಸು, ಪಾಲಿಶ್ ಮಾಡಿದ ಬಿಳಿ ಅನ್ನದಲ್ಲಿ ಅದರ ಕಾಲುಭಾಗ. ದಿನವೂ ಮೂರು ಹೊತ್ತು ಅನ್ನ, ಅಕ್ಕಿ ರೊಟ್ಟಿ, ದೋಸೆ ಎಂದು ಅಕ್ಕಿಯನ್ನೇ ನಂಬಿದ ನಮ್ಮ ಊಟದಲ್ಲಿ ಈ ಒಂದು ಬದಲಾವಣೆಯೇ ದೊಡ್ಡದು. ಹರಿವೆ, ಬಸಳೆಯಂಥ ಸೊಪ್ಪನ್ನು ಬೇಯಿಸಿ ನೀರು ಬಸಿದು ಚೆಲ್ಲಿದರೆ ಮೆಗ್ನೀಸಿಯಂನ ಒಂದು ಪಾಲು ಆ ನೀರಿನಲ್ಲೇ ಹೋಗುತ್ತದೆ. ಅದನ್ನು ಸಾರಿಗೆ ಬಳಸಿ.

ಊಟದಿಂದ ಬರುವ ಮೆಗ್ನೀಸಿಯಂ ಎಷ್ಟೇ ಇದ್ದರೂ ಕಿಡ್ನಿ ಸರಿಯಿರುವವರಿಗೆ ರಕ್ತಸ್ರಾವದ ಭಯವಿಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ.

ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುವವರು (ಹೃದಯದ ಕವಾಟ ಬದಲಾಯಿಸಿಕೊಂಡವರು ಹೆಚ್ಚಾಗಿ ಇದರಲ್ಲಿರುತ್ತಾರೆ) ಇಲ್ಲಿ ಒಂದು ಮಾತು ಗಮನಿಸಬೇಕು. ‘ಮೆಗ್ನೀಸಿಯಂ ಒಳ್ಳೆಯದಂತೆ’ ಎಂದು ಇದ್ದಕ್ಕಿದ್ದಂತೆ ದಿನಾ ರಾಶಿ ಸೊಪ್ಪು ತಿನ್ನಲು ಶುರುಮಾಡಬೇಡಿ. ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳ. ಅದು ಈ ಮಾತ್ರೆಯ ಶಕ್ತಿಯನ್ನು ಕುಂದಿಸಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಂಕಿ) ಇಳಿಸುತ್ತದೆ, ಕವಾಟದ ಮೇಲೆ ಹೆಪ್ಪು ಕೂರುವ ಅಪಾಯ ಬರುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರವಾರಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಲಿ. ಮೆಗ್ನೀಸಿಯಂ ಹೆಚ್ಚಿಸಬೇಕೆಂದರೆ ರಾಗಿ, ಕಾಳು, ಬೀಜಗಳತ್ತ ಹೋಗಿ.

ಹಂತ 4: ಮಾತ್ರೆ ತೆಗೆದುಕೊಳ್ಳುವುದಾದರೆ

ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮೋಸಹೋಗಬೇಡಿ. 400 ಮಿ.ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಎಂದರೆ ನಿಜವಾದ ಮೆಗ್ನೀಸಿಯಂ ಸುಮಾರು 240 ಮಿ.ಗ್ರಾಂ, ಅದರಲ್ಲೂ ಕರುಳು ಹೀರುವುದು ಅಲ್ಪ, ಉಳಿದದ್ದು ಭೇದಿ. ಸಿಟ್ರೇಟ್, ಗ್ಲೈಸಿನೇಟ್ ರೂಪದಲ್ಲಿ ಮೆಗ್ನೀಸಿಯಂ ಪಾಲು ಕಡಿಮೆಯಾದರೂ ಸೇರುವುದು ಚೆನ್ನಾಗಿ. ‘ಎಲಿಮೆಂಟಲ್’ ಎಂದು ಬರೆದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ವೈದ್ಯರ ಸಲಹೆ ಇಲ್ಲದೆ ಮಾತ್ರೆಯಿಂದ ದಿನಕ್ಕೆ 350 ಮಿ.ಗ್ರಾಂ ದಾಟಬಾರದು.

ಕಿಡ್ನಿ ತೊಂದರೆ ಇರುವವರು ಮಾತ್ರೆಯ ಜೊತೆಗೆ ಮಿಲ್ಕ್ ಆಫ್ ಮೆಗ್ನೀಸಿಯಾ ಮತ್ತು ಮೆಗ್ನೀಸಿಯಂ ಇರುವ ಆಂಟಾಸಿಡ್‌ಗಳನ್ನೂ ದೂರ ಇಡಬೇಕು. ಐದು ಮಿ.ಲೀ. ಮಿಲ್ಕ್ ಆಫ್ ಮೆಗ್ನೀಸಿಯಾದಲ್ಲಿ ಸಾಮಾನ್ಯವಾಗಿ 165 ಮಿ.ಗ್ರಾಂ ಮೇಲ್ಪಟ್ಟು ಮೆಗ್ನೀಸಿಯಂ ಇರುತ್ತದೆ. ಮಲಬದ್ಧತೆಗೆ 30 ಮಿ.ಲೀ. ಕುಡಿದರೆ ಒಂದು ಗ್ರಾಂ ಆಯಿತು. ಹೊರಹಾಕಬೇಕಾದ ಕಿಡ್ನಿಯೇ ಸೋತಿರುವಾಗ ಅದು ರಕ್ತದಲ್ಲಿ ಶೇಖರವಾಗಿ ಬಿಪಿ ಕುಸಿತ, ಸ್ನಾಯು ನಿತ್ರಾಣ, ಹೃದಯದ ಲಯ ತಪ್ಪುವುದಕ್ಕೆ ದಾರಿ. ಕಿಡ್ನಿ ರೋಗದಲ್ಲಿ ಪ್ಲೇಟ್‌ಲೆಟ್‌ಗಳು ಮೊದಲೇ ಮಂದವಾಗಿರುತ್ತವೆ ಎಂಬುದನ್ನೂ ಸೇರಿಸಿಕೊಳ್ಳಿ.

ಸೊಸೈಟಿಯಲ್ಲಿ ತೋಟಕ್ಕೆಂದು ಸಿಗುವ ಮೆಗ್ನೀಸಿಯಂ ಸಲ್ಫೇಟ್ ಗೊಬ್ಬರ. ಹೆಸರು ಒಂದೇ ಎಂದು ಅದನ್ನು ಬಾಯಿಗೆ ಹಾಕಬಾರದು.

ಬೇರೆ ಮಾತ್ರೆಗಳ ಜೊತೆಗಿನ ಅಂತರವೂ ಮುಖ್ಯ. ಮೆಗ್ನೀಸಿಯಂ ಹೊಟ್ಟೆಯಲ್ಲೇ ಕೆಲವು ಔಷಧಿಗಳನ್ನು ಕಟ್ಟಿಹಾಕುತ್ತದೆ. ಇಲಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಇದರಲ್ಲಿ ಮೊದಲನೆಯದು. ಆ ಮಾತ್ರೆ ಹೊಟ್ಟೆ ಉರಿಸುತ್ತದೆ, ಉರಿ ಎಂದು ಮೇಲೊಂದು ಆಂಟಾಸಿಡ್ ಕುಡಿದರೆ ಮಾತ್ರೆ ಸರಿಯಾಗಿ ರಕ್ತ ಸೇರುವುದಿಲ್ಲ, ಜ್ವರ ಇಳಿಯದಿರಬಹುದು, ಪ್ಲೇಟ್‌ಲೆಟ್ ಮತ್ತಷ್ಟು ಕುಸಿಯಬಹುದು. ಡಾಕ್ಸಿಸೈಕ್ಲಿನನ್ನು ಊಟವಾದ ಮೇಲೆ ತುಂಬಿದ ಲೋಟ ನೀರಿನ ಜೊತೆ ತೆಗೆದುಕೊಂಡು ಅರ್ಧ ಗಂಟೆ ಮಲಗದಿದ್ದರೆ ಉರಿ ಕಡಿಮೆ. ಆಂಟಾಸಿಡ್ ಬೇಕೇ ಬೇಕೆಂದರೆ ಎರಡು ಮೂರು ಗಂಟೆ ಬಿಡಿ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ, ಕಬ್ಬಿಣದ ಮಾತ್ರೆಗೆ ಎರಡು ಗಂಟೆ ಅಂತರ ಇರಲಿ.

ಹಂತ 5: ರಕ್ತ ತೆಳು ಮಾಡುವ ಮಾತ್ರೆ, ಆಪರೇಷನ್

ಆಸ್ಪಿರಿನ್ ಒಮ್ಮೆ ಮುಟ್ಟಿದ ಪ್ಲೇಟ್‌ಲೆಟ್ ಸಾಯುವವರೆಗೂ ಸುಧಾರಿಸುವುದಿಲ್ಲ, ಪ್ಲೇಟ್‌ಲೆಟ್‌ನ ಆಯಸ್ಸು 7ರಿಂದ 10 ದಿನ. ಮೆಗ್ನೀಸಿಯಂನ ಪರಿಣಾಮ ಹಾಗಲ್ಲ, ಕಿಡ್ನಿ ಹೆಚ್ಚುವರಿಯನ್ನು ಹೊರಹಾಕಿದಂತೆ ಹೋಗಿಬಿಡುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಸಾಮಾನ್ಯ ಪ್ರಮಾಣದ ಮೆಗ್ನೀಸಿಯಂ ತೆಗೆದುಕೊಂಡರೆ ಬಹುಪಾಲು ಜನರಿಗೆ ಏನೂ ಆಗದು. ಚಿಂತೆ ಮಾಡಬೇಕಾದದ್ದು ಹಲವು ಸೇರಿದಾಗ: ಎರಡು ರಕ್ತ ತೆಳು ಮಾತ್ರೆ, ಅದರ ಮೇಲೆ ಮೀನೆಣ್ಣೆ ಕ್ಯಾಪ್ಸೂಲ್, ಮಂಡಿನೋವಿಗೆ ಡೈಕ್ಲೋಫೆನಾಕ್, ಜೊತೆಗೆ ದೊಡ್ಡ ಪ್ರಮಾಣದ ಮೆಗ್ನೀಸಿಯಂ. ಸುಮ್ಮನೆ ತಾಗಿದಲ್ಲೆಲ್ಲ ನೀಲಿಗಟ್ಟುತ್ತಿದ್ದರೆ, ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೆ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ ವೈದ್ಯರೆದುರು ಹರಡಿ. ಕಿತ್ತುಹಾಕಬೇಕಾದದ್ದು ಸಾಮಾನ್ಯವಾಗಿ ನೋವಿನ ಮಾತ್ರೆ.

ವಾರ್ಫರಿನ್‌ನವರಿಗೆ ಮೆಗ್ನೀಸಿಯಂನಿಂದ ಭೇದಿ ಹಿಡಿದು ಊಟ ಸೇರದೆ ಎರಡು ಮೂರು ದಿನ ಕಳೆದರೆ ಐಎನ್‌ಆರ್ ಏರಿಬಿಡಬಹುದು. ಭೇದಿ ನಿಲ್ಲುವವರೆಗೆ ಕಾಯದೆ ಪರೀಕ್ಷೆ ಮಾಡಿಸಿ.

ಆಪರೇಷನ್ ಮುಂಚೆ ಅರಿವಳಿಕೆ ವೈದ್ಯರು ‘ಏನೇನು ಮಾತ್ರೆ ತಗೊಳ್ತೀರಿ?’ ಎಂದು ಕೇಳಿದಾಗ ಮೆಗ್ನೀಸಿಯಂ ಹೆಸರನ್ನೂ ಹೇಳಿ. ರಕ್ತಸ್ರಾವಕ್ಕಿಂತ ಹೆಚ್ಚಾಗಿ, ಸ್ನಾಯು ಸಡಿಲಿಸುವ ಔಷಧಿಗಳ ಪರಿಣಾಮವನ್ನು ಅದು ಹೆಚ್ಚಿಸುತ್ತದೆ ಎಂಬುದು ಅವರಿಗೆ ಬೇಕಾದ ಮಾಹಿತಿ.

ಹಂತ 6: ಗರ್ಭಿಣಿಗೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್

ಮೆಗ್ನೀಸಿಯಂ ಮತ್ತು ಪ್ಲೇಟ್‌ಲೆಟ್ ಎರಡೂ ಒಂದೇ ಹಾಸಿಗೆಯ ಮೇಲೆ ಎದುರಾಗುವ ಸಂದರ್ಭ ಇದು. ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ತಲೆನೋವು, ಕಣ್ಣು ಮಂಜಾಗುವುದು ಶುರುವಾದ ಬಸುರಿಗೆ ಫಿಟ್ಸ್ ಬರದಂತೆ ತಡೆಯಲು ಮೆಗ್ನೀಸಿಯಂ ಸಲ್ಫೇಟ್‌ಗಿಂತ ಉತ್ತಮ ಔಷಧಿ ಇಲ್ಲ. 2002ರಲ್ಲಿ ಪ್ರಕಟವಾದ, ಸುಮಾರು 10,000 ಹೆಂಗಸರ ಮ್ಯಾಗ್‌ಪೈ ಅಧ್ಯಯನದಲ್ಲಿ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿತ್ತು.

ಪ್ರಮಾಣ ದೊಡ್ಡದು. ಶೇ. 50ರ ದ್ರಾವಣದ ಎರಡು ಮಿ.ಲೀ. ಆಂಪ್ಯೂಲಿನಲ್ಲಿ ಒಂದು ಗ್ರಾಂ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ದೊಡ್ಡ ಆಸ್ಪತ್ರೆಗೆ ಕಳಿಸುವ ಮುಂಚೆ ಎರಡೂ ಪೃಷ್ಠದ ಸ್ನಾಯುವಿಗೆ ಐದೈದು ಗ್ರಾಂ ಆಳವಾಗಿ ಕೊಡುವುದು ಕ್ರಮ. ಆಸ್ಪತ್ರೆಯಲ್ಲಿ ಪೂರ್ಣ ಕ್ರಮವಾದರೆ ರಕ್ತನಾಳಕ್ಕೆ 4 ಗ್ರಾಂ ನಿಧಾನವಾಗಿ, ಸ್ನಾಯುವಿಗೆ 10 ಗ್ರಾಂ, ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಹೆರಿಗೆ ಅಥವಾ ಕೊನೆಯ ಫಿಟ್ಸ್ ಆಗಿ 24 ಗಂಟೆಯವರೆಗೆ. ಆಗ ರಕ್ತದ ಮಟ್ಟ ಸಾಮಾನ್ಯಕ್ಕಿಂತ ಎರಡು ಪಟ್ಟು ದಾಟಿ, ಕೆಲವೊಮ್ಮೆ ನಾಲ್ಕು ಪಟ್ಟಿನ ತನಕ ಹೋಗುತ್ತದೆ. ಈ ಮಟ್ಟದಲ್ಲಿ ರಕ್ತ ನಿಲ್ಲುವ ಸಮಯ ತುಸು ಹೆಚ್ಚುತ್ತದೆ, ಎಣಿಕೆ ಬದಲಾಗದಿದ್ದರೂ.

ಅದೇ ಕಾಯಿಲೆ ಕೆಲವರಲ್ಲಿ ಹೆಲ್ಪ್ ಸಿಂಡ್ರೋಮ್ ಎಂಬ ಗಂಭೀರ ರೂಪಕ್ಕೆ ತಿರುಗಿ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿಯುತ್ತದೆ. ‘ಇಂಜೆಕ್ಷನ್ ಕೊಟ್ಟ ಮೇಲೆ ಪ್ಲೇಟ್‌ಲೆಟ್ ಇಳಿಯಿತು’ ಎಂದು ಮನೆಯವರು ಹೇಳುವುದು ಇದನ್ನೇ ನೋಡಿ. ಇಳಿಸಿದ್ದು ಇಂಜೆಕ್ಷನ್ ಅಲ್ಲ, ಕಾಯಿಲೆ. ಹಾಗೆ ಹೆದರಿ ಇಂಜೆಕ್ಷನ್ ಬೇಡ ಎನ್ನುವುದು ತಾಯಿ ಮಗು ಇಬ್ಬರಿಗೂ ಅಪಾಯ. ಬದಲಾಗಬೇಕಾದದ್ದು ಕೊಡುವ ದಾರಿ. ಪ್ಲೇಟ್‌ಲೆಟ್ ತುಂಬ ಕಡಿಮೆ ಇದ್ದಾಗ ಸ್ನಾಯುವಿಗೆ ಚುಚ್ಚಿದ ಜಾಗದಲ್ಲಿ ರಕ್ತ ಗಡ್ಡೆಯಾಗಬಹುದು, ಆದ್ದರಿಂದ ಸೌಲಭ್ಯವಿರುವ ಕಡೆ ರಕ್ತನಾಳದ ಮೂಲಕವೇ ಕೊಡುತ್ತಾರೆ. ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಡುವ ಮುಂಚೆ ಹೊಸ ಪ್ಲೇಟ್‌ಲೆಟ್ ಎಣಿಕೆ ಬೇಕು. 70,000–80,000ಕ್ಕಿಂತ ಕೆಳಗಿದ್ದರೆ ಅರಿವಳಿಕೆ ವೈದ್ಯರು ಸಾಮಾನ್ಯವಾಗಿ ಬೇರೆ ದಾರಿ ಯೋಚಿಸುತ್ತಾರೆ.

ಪ್ರತಿ ಮುಂದಿನ ಡೋಸಿಗೂ ಮುಂಚೆ ನರ್ಸ್ ಮೂರು ನೋಡಬೇಕು: ಮಂಡಿ ಬಡಿದರೆ ಕಾಲು ಜಿಗಿಯುತ್ತದೆಯೇ, ಉಸಿರು ನಿಮಿಷಕ್ಕೆ 16 ಅಥವಾ ಹೆಚ್ಚು ಇದೆಯೇ, ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಹೆಚ್ಚು ಬರುತ್ತಿದೆಯೇ. ಮಂಡಿಯ ಜಿಗಿತ ಹೋಯಿತೆಂದರೆ ಮೆಗ್ನೀಸಿಯಂ ಅತಿಯಾಗುತ್ತಿದೆ, ಮುಂದಿನ ಹೊಡೆತ ಉಸಿರಿಗೆ. ಆಗ ಡೋಸ್ ನಿಲ್ಲಿಸಿ ಶೇ. 10ರ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಅದು ಮೊದಲೇ ಸಿರಿಂಜಿನ ಪಕ್ಕದಲ್ಲಿ ಇರಬೇಕು, ಹುಡುಕುವಂತಾಗಬಾರದು.

ಆಗುಂಬೆ, ನಗರ, ತುಮರಿ ಕಡೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವ ದಾರಿ ದೂರದ್ದು. 108 ಹತ್ತುವ ಮುಂಚೆ ಜೊತೆಗೆ ಹೋಗುವವರು ರೆಫರಲ್ ಚೀಟಿಯಲ್ಲಿ ಇಷ್ಟು ಬರೆದಿದೆಯೇ ನೋಡಿ: ಮೆಗ್ನೀಸಿಯಂ ಎಷ್ಟು ಗ್ರಾಂ, ಎಷ್ಟು ಗಂಟೆಗೆ, ಸ್ನಾಯುವಿಗೋ ರಕ್ತನಾಳಕ್ಕೋ, ಆಗಿನ ಬಿಪಿ, ಕೊನೆಯ ಪ್ಲೇಟ್‌ಲೆಟ್ ಎಣಿಕೆ ಮತ್ತು ರಕ್ತ ತೆಗೆದ ಸಮಯ, ಕೊನೆಯ ಸಲ ಮೂತ್ರ ಹೋದದ್ದು ಯಾವಾಗ. ಸಮಯ ಬರೆಯದೆ ಬಂದರೆ ಮುಂದಿನ ಆಸ್ಪತ್ರೆಯವರು ಎರಡನೇ ಡೋಸ್ ಬೇಗ ಕೊಟ್ಟುಬಿಡಬಹುದು, ಇಲ್ಲವೇ ಹೆದರಿ ತಡ ಮಾಡಬಹುದು. ಚೀಟಿಯ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.